ಮೂತ್ರದ ಪೈಪು ಮತ್ತು ಕೇಳದೆ ಉಳಿಯುವ ಪ್ರಶ್ನೆ

ಶಿರಸಿ, ಸಿದ್ದಾಪುರದ ಕಡೆ ಮದ್ದು ಹೊಡೆಯುವಾಗಲೋ ಕೊನೆ ಕೊಯ್ಯುವಾಗಲೋ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಎಲ್ಲರೂ ಕೇಳುವುದು ಒಂದೇ: 'ಇನ್ನು ನಡೀಬಹುದಾ?' ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಆಪರೇಶನ್ ಮುಗಿಸಿ, ಮೂತ್ರದ ಪೈಪಿನ ಸಮೇತ ಮನೆಗೆ ಬಂದ ಮೇಲೆ ಬೇರೆ ಎರಡು ಪ್ರಶ್ನೆ ಏಳುತ್ತವೆ. ಈ ಪೈಪು ಎಷ್ಟು ದಿನ? ಗಂಡ-ಹೆಂಡತಿ ಸಂಬಂಧ ಇಲ್ಲಿಗೆ ಮುಗಿಯಿತೇ? ಎರಡನೆಯದು ಗಂಟಲಲ್ಲೇ ಉಳಿಯುತ್ತದೆ.

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರನ್ನು ಕೊಂದದ್ದು ಮೂತ್ರದ ಸೋಂಕು ಮತ್ತು ಮಲಗಿ ಮಲಗಿ ಆದ ಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ವೈದ್ಯ ಲುಡ್ವಿಗ್ ಗುಟ್ಮನ್ ಬೆನ್ನುಹುರಿ ಚಿಕಿತ್ಸಾ ಕೇಂದ್ರ ತೆರೆದ ನಂತರ, ಹೊತ್ತುಹೊತ್ತಿಗೆ ನಳಿಕೆ ಹಾಕಿ ಮೂತ್ರ ತೆಗೆಯುವ ಕ್ರಮ ಗಟ್ಟಿಯಾಯಿತು. ಆದರೆ ಅದಕ್ಕೆ ಪೂರ್ತಿ ಸ್ಟೆರೈಲ್ (ರೋಗಾಣು ಸುಳಿಯದ) ವ್ಯವಸ್ಥೆ ಬೇಕಿತ್ತು. ಕೈ ತೊಳೆದರೆ ಸಾಕು, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು 1972ರಲ್ಲಿ ತೋರಿಸಿದವರು ಅಮೆರಿಕದ ಮೂತ್ರರೋಗ ವೈದ್ಯ ಜ್ಯಾಕ್ ಲ್ಯಾಪಿಡೆಸ್. ಮೂತ್ರಕೋಶ ಮಿತಿಮೀರಿ ಹಿಗ್ಗಿದರೆ ಅದರ ಗೋಡೆಗೆ ರಕ್ತ ಸಾಲದು, ಸೋಂಕು ಹಿಡಿಯುವುದು ಆಗಲೇ ಎಂಬುದು ಅವರ ವಾದ.

ಕ್ರಮ ಸುಲಭ. 12 ಅಥವಾ 14 ನಂಬರಿನ ನಳಿಕೆಗೆ ಜೆಲ್ಲಿ ಸವರಬೇಕು. ಗಂಡಸರು ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದರೆ ದಾರಿಯ ತಿರುವು ನೆಟ್ಟಗಾಗುತ್ತದೆ. ಮೂತ್ರ ಬಂದ ಮೇಲೂ ಎರಡು ಸೆಂ.ಮೀ. ಒಳಗೆ ಸರಿಸಿ, ಹರಿವು ನಿಂತಾಗ ನಿಧಾನ ಹೊರತೆಗೆಯುವುದು. ನಡುವೆ ತಡೆ ಸಿಕ್ಕರೆ ನೂಕಬಾರದು. ಸ್ನಾಯು ಬಿಗಿದಿರುತ್ತದೆ, ಉಸಿರೆಳೆದು ಕಾಯಬೇಕು. ನೂಕಿದರೆ ಗಾಯ, ಗಾಯ ಮಾಗಿದ ಮೇಲೆ ದಾರಿಯೇ ಕಿರಿದಾಗುತ್ತದೆ. 4ರಿಂದ 6 ತಾಸಿಗೊಮ್ಮೆ ತೆಗೆಯಬೇಕು, ಒಂದು ಸಲಕ್ಕೆ 500 ಮಿ.ಲೀ. ಮೀರಿದರೆ ಅಂತರ ಕಡಿಮೆ ಮಾಡಬೇಕು. ನಳಿಕೆಗಳು ಒಂದೇ ಬಳಕೆಯವು. ಖರ್ಚಿಗಂಜಿ ತೊಳೆದು ಬಳಸುವವರು ಪೂರ್ತಿ ಒಣಗಿಸಬೇಕು, ಆಷಾಢದಲ್ಲಿ ಪಂಚೆಯೇ ಒಣಗದ ನಮ್ಮೂರಲ್ಲಿ ಅದೇ ತೊಡಕು.

ಪೈಪು ಕಾಯಂ ಉಳಿದರೆ ಕಲ್ಲು, ಸೋಂಕು, ಕೊನೆಗೆ ಮೂತ್ರನಾಳ ಸೀಳುವುದೂ ಉಂಟು. ಕೈಬೆರಳು ಆಡದವರಿಗೆ ಬೇರೆ ದಾರಿಯಿಲ್ಲದಿರಬಹುದು. ಕೈ ಗಟ್ಟಿಯಿರುವವರೂ ವರ್ಷಗಟ್ಟಲೆ ಅದರಲ್ಲೇ ಇರುವುದು ಕಲಿಸಿಕೊಡುವ ಅರ್ಧ ತಾಸು ಎಲ್ಲೂ ಸಿಗದ ಕಾರಣ. ಮೂತ್ರಕೋಶ ತಾನಾಗಿ ಬಿಗಿದು ಸೋರುವವರಿಗೆ ಆಕ್ಸಿಬ್ಯುಟಿನಿನ್ ಮಾತ್ರೆಯಿದೆ, ಬಾಯಿ ಒಣಗುವುದು, ಮಲಬದ್ಧತೆ ಅದರ ಬೆಲೆ. ಅದಕ್ಕೂ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ 200 ಯೂನಿಟ್ ಬೊಟುಲಿನಮ್ ಇಂಜೆಕ್ಷನ್. ಅದರ ನಂತರ ನಳಿಕೆ ಬಳಸಲೇಬೇಕಾದೀತು.

ಗಂಟಲಲ್ಲೇ ಉಳಿದ ಆ ಗಂಡ-ಹೆಂಡತಿ ಸಂಬಂಧದ ಪ್ರಶ್ನೆಗೂ ಉತ್ತರ ಹಳೆಯದೇ. 1983ರಲ್ಲಿ ಬ್ರಿಟನ್ನಿನ ವಿಜ್ಞಾನಿ ಗೈಲ್ಸ್ ಬ್ರಿಂಡ್ಲಿ ನಿಮಿರುವಿಕೆಯ ಇಂಜೆಕ್ಷನ್ನನ್ನು ತಮ್ಮ ಮೇಲೆಯೇ ಪ್ರಯೋಗಿಸಿ ವೈದ್ಯರ ಸಭೆಗೆ ತೋರಿಸಿದ್ದರು. 1998ರಲ್ಲಿ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಬಂತು. ಎದೆನೋವಿಗೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರಿಗೆ ಅದು ನಿಷಿದ್ಧ. ವೀರ್ಯ ಹೊರತರಲು ಕಂಪನ ಯಂತ್ರವಿದೆ, ಪೆಟ್ಟು ಬೆನ್ನೆಲುಬಿನ ಎದೆಭಾಗದ ಹತ್ತನೇ ಮೂಳೆಗಿಂತ ಮೇಲಿದ್ದರೆ ಹೆಚ್ಚು ಫಲ. ಆದರೆ ಆರನೆಯದು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ತಲೆ ಸಿಡಿದು, ಬೆವರಿ, ಬಿಪಿ ಥಟ್ಟನೆ ಏರಬಹುದು, ಹಾಗಾಗಿ ಮೊದಲ ಸಲ ವೈದ್ಯರ ಎದುರೇ. ಹೆಂಗಸರಿಗೆ ಮುಟ್ಟು ಕೆಲವು ತಿಂಗಳಲ್ಲಿ ಮರಳುತ್ತದೆ, ಗರ್ಭವೂ ನಿಲ್ಲುತ್ತದೆ. ಇದನ್ನು ಹೇಳುವವರಿಲ್ಲದೆ, ಬೇಡದ ಬಸಿರಿನಿಂದಲೇ ತಿಳಿದವರಿದ್ದಾರೆ.