ಮೀಟರ್ ಬೈಯುವ ಮುಂಚೆ ಕೂಲರ್ ನೋಡಿ

ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿಗೆ ಮುಂಚೆ ಬಾಯ್ಲರ್ ನೋಡುತ್ತಾರೆ, ಟರ್ಬೈನ್ ನೋಡುತ್ತಾರೆ. ಸ್ಯಾಂಪಲ್ ಕೂಲರ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಯ್ಲರ್ ನೀರನ್ನು ತಣ್ಣಗೆ ಮಾಡಿ ಲ್ಯಾಬಿನ ಬಾಟಲಿಗೆ ಕೊಡುವುದು ಅದೇ. ಅದು ಕೆಟ್ಟಿದ್ದರೆ ನೀರಿನ ಉಪ್ಪು ಅಳೆಯುವ ಮೀಟರ್ ಎಷ್ಟೇ ದುಬಾರಿಯಾದರೂ ಅಂಕಿ ಸುಳ್ಳೇ.

ಪರೀಕ್ಷೆ ಸುಲಭ. ಸ್ಯಾಂಪಲ್ ವಾಲ್ವ್ ಪೂರ್ತಿ ಬಂದ್ ಮಾಡಿ, ಕೂಲಿಂಗ್ ನೀರು ಹರಿಯಲು ಬಿಡಿ. ಸ್ವಲ್ಪ ಹೊತ್ತಿನ ಮೇಲೂ ನಳಿಗೆ ತೊಟ್ಟಿಕ್ಕುತ್ತಿದೆಯಾ? ಆ ನೀರು ಹಿಡಿದು ಬಫರ್ (pH ಸ್ಥಿರವಾಗಿಡುವ ದ್ರಾವಣ) ಹಾಕಿ, ನೀರಿನ ಗಡಸುತನವನ್ನು ಬಣ್ಣದಲ್ಲಿ ತೋರಿಸುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಪುಡಿ ಒಂದು ಚಿಟಿಕೆ ಹಾಕಿ. ನೀಲಿ ಬಂದರೆ ಅದು ಗಡಸು ತೆಗೆದ ಬಾಯ್ಲರ್ ನೀರು, ವಾಲ್ವ್ ಸೋರುತ್ತಿದೆ. ಕೆಂಪಾದರೆ ಗಡಸು ನೀರು. ಅಂದರೆ ಕೂಲರ್ ಒಳಗಿನ ಸುರುಳಿ ತೂತಾಗಿದೆ, ಸ್ಯಾಂಪಲ್ಲಿಗೆ ಕೂಲಿಂಗ್ ನೀರು ಬೆರೆಯುತ್ತಿರಬಹುದು. ಸ್ಯಾಂಪಲ್ ಬಿಸಿಯಾಗೇ ಬಂದರೆ ಇನ್ನೊಂದು ಗೋಳು. ಅರ್ಧಂಬರ್ಧ ಆವಿಯಾಗಿ ಹೋಗುತ್ತದೆ, ಉಳಿದದ್ದರಲ್ಲಿ ಉಪ್ಪು ಜಾಸ್ತಿ ಕಾಣುತ್ತದೆ. ಉಪ್ಪು ಇಳಿಸಲೆಂದು ಆಪರೇಟರ್ ಸುಮ್ನೆ ಬ್ಲೋಡೌನ್ ಕೊಟ್ಟು, ಅಂದರೆ ಬಾಯ್ಲರಿನಿಂದ ಹೊರಬಿಟ್ಟು, ಕಾಸಿದ ನೀರನ್ನು ಚರಂಡಿಗೆ ಸುರಿಯುತ್ತಾನೆ.

"ಕೈಗಾ ಅಣುಸ್ಥಾವರದಲ್ಲೂ ಹೀಗೇನಾ ಸರ್?" ಅಂತ ಟ್ರೇನಿ ಹುಡುಗರು ಕೇಳುತ್ತಾರೆ. ಲೆಕ್ಕಾಚಾರ ಇದೇ, ಅಪಾಯ ಬೇರೆ. ಅಲ್ಲಿನ ಕೂಲಂಟ್, ಅಂದರೆ ರಿಯಾಕ್ಟರಿನ ಶಾಖ ಹೊತ್ತೊಯ್ಯುವ ದ್ರವ, ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು). ಭಾರೀ ಒತ್ತಡದಲ್ಲಿರುವುದರಿಂದ 290 ಡಿಗ್ರಿ ಆಸುಪಾಸಿನಲ್ಲೂ ಕುದಿಯುವುದಿಲ್ಲ. ಅದರಲ್ಲಿ ವಿಕಿರಣ ಸೂಸುವ ಟ್ರಿಷಿಯಂ ಇರುತ್ತದೆ. ಇಂಧನದಲ್ಲಿ ಹುಟ್ಟುವ, ವಿಕಿರಣ ಸೂಸುವ ಅಯೋಡಿನ್-131 ಏರಿದರೆ ಇಂಧನದ ಕವಚ ಎಲ್ಲೋ ಸೀಳಿದೆ ಅಂತ ಅನುಮಾನ ಪಡಬೇಕು. ಹೀಗಿರುವಾಗ ನಮ್ಮ ಹಾಗೆ ಬಾಟಲಿ ಹಿಡಿದು ನಲ್ಲಿ ಮುಂದೆ ನಿಲ್ಲೋಕಾಗಲ್ಲ, ಅಲ್ವಾ?

1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ ಕೂಲಂಟ್ ಸ್ಯಾಂಪಲ್ ತೆಗೆಯಲು ಹೋದವರಿಗೇ ಮಿತಿ ಮೀರಿ ವಿಕಿರಣ ತಗುಲಿತು. ಅದಾದ ಮೇಲೆ, ಅಪಘಾತದ ನಂತರವೂ 3 ಗಂಟೆಯೊಳಗೆ ಸ್ಯಾಂಪಲ್ ತೆಗೆದು ಫಲಿತಾಂಶ ಕೊಡುವ ಸಲಕರಣೆ ಇರಬೇಕು ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ ಹೇಳಿತು. ಮುಂದೆ ಆ ನಿಯಮ ಸಡಿಲವಾಯಿತು, ಆ ಮಾತು ಬೇರೆ.

ನನಗೆ ಕುತೂಹಲ ಇರುವುದು ಇಂಥ ಸಲಕರಣೆಯನ್ನು ಪರೀಕ್ಷಿಸುವುದರಲ್ಲಿ. ಪರೀಕ್ಷೆಗೆಂದು ಅಪಘಾತ ಮಾಡಿಸೋಕಾಗಲ್ಲ. ಥ್ರೀ ಮೈಲ್ ಐಲ್ಯಾಂಡ್ ಬಗೆಯ ರಿಯಾಕ್ಟರಿನ ಕೂಲಂಟಿನಲ್ಲಿ ಬೋರಾನ್ ಇರುತ್ತದೆ. ಹಾಗಾಗಿ ಶುದ್ಧ ನೀರಿಗೆ ಅಳತೆಯ ಬೋರಾನ್ ಬೆರೆಸಿ ಸಲಕರಣೆಯಲ್ಲಿ ಹಾಯಿಸಬಹುದು. ಹಾಕಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗಬೇಕು. ಆಮೇಲೆ ದಿನನಿತ್ಯದ ಸ್ಯಾಂಪಲ್ ಜಾಗದಿಂದಲೂ ಇದರಿಂದಲೂ ಒಂದೇ ಹೊತ್ತಿಗೆ ನೀರು ತೆಗೆದು ಹೋಲಿಸಬೇಕು. ಅಪರೂಪಕ್ಕೆ ಬಳಸುವ ಪೈಪಿನಲ್ಲಿ ಹಳೇ ನೀರು ನಿಂತಿರುತ್ತದೆ, ಅದನ್ನು ಮೊದಲು ಹರಿಸಿ ಬಿಡಬೇಕು. ತಾಲೀಮನ್ನೂ ಮಾಸ್ಕ್, ಎರಡು ಜೊತೆ ಗ್ಲೌಸ್ ಹಾಕಿಸಿಯೇ ಮಾಡಿಸಬೇಕು. ಬರಿಗೈಗೆ ಸಲೀಸಾಗಿ ತಿರುಗಿದ ಸಣ್ಣ ವಾಲ್ವ್ ಗ್ಲೌಸ್ ಹಾಕಿದ ಬೆರಳಿಗೆ ಸಿಗದೇ ಹೋಗಬಹುದು.