ಡಯಟ್ ಚಾರ್ಟ್ ಬರೆಯೋಕೆ ಇಷ್ಟೊಂದು ಕೆಮಿಸ್ಟ್ರಿ ಯಾಕೆ?

ಪ್ರಶ್ನೆ: ವ್ಯಾಯಾಮ, ಆಹಾರ ಎರಡರ ಮೇಲೂ ಆಸಕ್ತಿ ಇದೆ ಅಂತ ಪೋಷಣೆ ಮತ್ತು ಫಿಟ್‌ನೆಸ್ ಪದವಿಗೆ ಸೇರಿದೆ. ಮೊದಲ ವರ್ಷ ಪೂರ್ತಿ ಕೆಮಿಸ್ಟ್ರಿ, ಅಂಗರಚನೆ, ಸಂಖ್ಯಾಶಾಸ್ತ್ರ. ಇದೆಲ್ಲ ನಿಜಕ್ಕೂ ಬೇಕಾ?

ಉತ್ತರ: ಬೇಕು. ಚಾರ್ಟ್ ಬರೆಯುವುದಕ್ಕಿಂತ ಹೆಚ್ಚಾಗಿ, ಬರೆದ ಚಾರ್ಟ್ ದೇಹದೊಳಗೆ ಏನು ಮಾಡಿತು ಎಂದು ತಿಳಿಯುವುದಕ್ಕೆ ಬೇಕು.

ಒಬ್ಬರು ಕಾರ್ಬೊಹೈಡ್ರೇಟ್ ಬಹುಪಾಲು ಬಿಟ್ಟು, ಒಂದೇ ವಾರದಲ್ಲಿ 2 ಕಿಲೋ ಇಳಿದು, ಖುಷಿಯಿಂದ ನಿಮ್ಮೆದುರು ಕೂತಿದ್ದಾರೆ ಅಂದುಕೊಳ್ಳಿ. ಕರಗಿದ್ದು ಕೊಬ್ಬೇ? ಲೆಕ್ಕ ಹಾಕಿ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತದೆ. ಎರಡು ಕಿಲೋಗೆ 15,400, ಅಂದರೆ ದಿನಕ್ಕೆ 2,200 ಕಡಿಮೆ ಬೀಳಬೇಕು. ಎಷ್ಟೋ ಜನರ ಇಡೀ ದಿನದ ಖರ್ಚೇ ಅಷ್ಟು! ಹಾಗಾದರೆ ಹೋದದ್ದೇನು? ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಸೇರಿ ಸುಮಾರು 400ರಿಂದ 500 ಗ್ರಾಂ ಗ್ಲೈಕೊಜೆನ್, ಅಂದರೆ ಕಾರ್ಬೊಹೈಡ್ರೇಟ್‌ನಿಂದ ದೇಹ ಮಾಡಿಕೊಳ್ಳುವ ಇಂಧನ, ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಇರುತ್ತದೆ. ಗ್ಲೈಕೊಜೆನ್ ಖರ್ಚಾದರೆ ನೀರೂ ಹೊರಟುಹೋಗುತ್ತದೆ. ಮತ್ತೆ ಮೊದಲಿನಂತೆ ಊಟ ಮಾಡಿದ ಕೂಡಲೇ ತೂಕ ವಾಪಸ್. ಆಗ ಆ ಮನುಷ್ಯ ತನ್ನನ್ನೇ ಹಳಿದುಕೊಳ್ಳುತ್ತಾನೆ, ಎಲ್ಲವನ್ನೂ ಕೈಬಿಡುತ್ತಾನೆ. ಮೊದಲ ದಿನವೇ ಇದನ್ನು ಬಿಡಿಸಿ ಹೇಳುವವರೊಬ್ಬರು ಇದ್ದಿದ್ದರೆ ಅವನು ಹಾಗೆ ಕುಗ್ಗುತ್ತಿರಲಿಲ್ಲ. ನೀವು ಆಗಬೇಕಾದದ್ದು ಅವರೇ.

ಅದೇ ಗ್ಲೈಕೊಜೆನ್ ವ್ಯಾಯಾಮದ ತರಗತಿಯಲ್ಲೂ ಎದುರಾಗುತ್ತದೆ. ಮ್ಯಾರಥಾನ್ ಓಟಗಾರರಿಗೆ 30 ಕಿ.ಮೀ. ದಾಟುವ ಹೊತ್ತಿಗೆ ಹೆಜ್ಜೆಯೇ ಕೀಳಲಾಗದಂತೆ ಆಗುವುದಕ್ಕೆ ಮುಖ್ಯ ಕಾರಣ ಅದು ಬರಿದಾಗುವುದು. ಊಟದ್ದು ಒಂದು ವಿಷಯ, ಓಟದ್ದು ಇನ್ನೊಂದು ಎಂದು ಬೇರೆ ಬೇರೆ ನೋಟ್‌ಬುಕ್ ಇಡಬೇಡಿ. ಎರಡೂ ಒಂದೇ ಕಥೆ.

ಅಂಗರಚನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊಣಕಾಲು ಹೇಗೆ ಮಡಚುತ್ತದೆ ಎಂದು ಗೊತ್ತಿಲ್ಲದವರ ಮಾತು ಕೇಳಿ ಯಾರೂ ಭಾರ ಎತ್ತಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ದೂರುವ ಸಂಖ್ಯಾಶಾಸ್ತ್ರ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿಯಿಂದ (ವಿಟಮಿನ್ ಸಿ ಕೊರತೆಯ ಕಾಯಿಲೆ) ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಮೂಲ ಆಹಾರ ಎಲ್ಲರಿಗೂ ಒಂದೇ, ಮದ್ದು ಮಾತ್ರ ಜೋಡಿಗೊಂದು. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ವಿಟಮಿನ್ ಎಂಬ ಹೆಸರೇ ಹುಟ್ಟದ ಕಾಲ ಅದು. ಆ ಮಾತು ಬಂದದ್ದು 1912ರಲ್ಲಿ. ಕಾರಣ ಗೊತ್ತಿಲ್ಲದಿದ್ದರೂ, ಸರಿಯಾಗಿ ಹೋಲಿಸಿ ನೋಡಿದ್ದಕ್ಕೆ ಉತ್ತರ ಸಿಕ್ಕಿತು. ಯಾವುದೋ ಪುಡಿ ಕುಡಿದು ಸ್ನಾಯು ಬೆಳೆಯಿತು ಎಂದು ಯಾರಾದರೂ ಹೇಳಿದಾಗ, ಕುಡಿಯದೆ ಅಷ್ಟೇ ವ್ಯಾಯಾಮ ಮಾಡಿದವರಿಗೆ ಏನಾಯಿತು ಎಂದು ಕೇಳಲು ಈ ವಿಷಯವೇ ಕಲಿಸುತ್ತದೆ.

ಓದುವ ಕ್ರಮವನ್ನು ಮಾತ್ರ ಸ್ವಲ್ಪ ಬದಲಿಸಿ. ಆಹಾರದಿಂದ ಜೀವಕೋಶ ಶಕ್ತಿ ಪಡೆಯುವ ಹಾದಿಯ ಒಂದು ಘಟ್ಟವಾದ ಕ್ರೆಬ್ಸ್ ಚಕ್ರವನ್ನು ಬಾಯಿಪಾಠ ಮಾಡುವ ಮೊದಲು ಎರಡು ಮಹಡಿ ಮೆಟ್ಟಿಲನ್ನು ಓಡಿ ಹತ್ತಿ. ಏದುಸಿರು ಇಳಿಯುವ ಮುನ್ನವೇ ಪುಸ್ತಕ ತೆಗೆದು, ಒಳಗೆಳೆದ ಆಮ್ಲಜನಕ ಕೊನೆಗೆ ಎಲ್ಲಿ ಸೇರುತ್ತದೆ ಎಂದು ಹುಡುಕಿ.