ಹುಡುಕಾಟಕ್ಕೂ ಬಹುಮಾನ ಇರಲಿ

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಗ್ರಂಥಾಲಯವೇ ಬಹುಮಾನ ಕೊಡುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಇದು ಇದೆ. ಪ್ರಬಂಧದ ಜೊತೆ ವಿದ್ಯಾರ್ಥಿ ಇನ್ನೊಂದು ಸಣ್ಣ ಬರಹ ಕೊಡಬೇಕು. ಎಲ್ಲೆಲ್ಲಿ ಹುಡುಕಿದೆ, ಯಾವುದನ್ನು ನಂಬಿದೆ, ಯಾವುದನ್ನು ಬಿಟ್ಟೆ, ಯಾಕೆ ಎಂದು ಅದರಲ್ಲಿ ಹೇಳಬೇಕು. ವಿಜಯಪುರದ ಕಾಲೇಜೊಂದರ ಲೈಬ್ರರಿಯನ್ ಆಗಿ ನನಗೆ ತುಂಬಾ ಹಿಡಿಸಿದ್ದು ಈ ಸಣ್ಣ ಬರಹವೇ. ಇಂಥ ಬಹುಮಾನ ನಮ್ಮ ಕಾಲೇಜುಗಳಿಗೂ ಬರಬೇಕು. ಬಂದಾಗ ಹುಡುಕಾಟದ ಬರಹಕ್ಕೇ ಜಾಸ್ತಿ ಅಂಕ ಸಿಗಬೇಕು.

ನಮ್ಮಲ್ಲಿ ಪ್ರಾಜೆಕ್ಟ್ ರಿಪೋರ್ಟಿಗೆ ಚಂದದ ಬೈಂಡಿಂಗ್ ಇರುತ್ತದೆ. ಕೊನೆಯ ಪುಟದಲ್ಲಿ ಪುಸ್ತಕಗಳ ಉದ್ದ ಪಟ್ಟಿಯೂ ಇರುತ್ತದೆ. ಆದರೆ ಆ ಪುಸ್ತಕಗಳನ್ನು ತೆರೆದಿದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಒಬ್ಬ ವಿದ್ಯಾರ್ಥಿನಿ ನಮ್ಮ ಭಾಗದ 1876–78ರ ಬರದ ಬಗ್ಗೆ ಬರೆಯಲು ಹೊರಟಳು ಅನ್ನಿ. ಮೊಬೈಲಿನಲ್ಲಿ 'ವಿಜಯಪುರ ಬರ' ಎಂದು ಹೊಡೆದರೆ ಹೆಚ್ಚಾಗಿ ಸಿಗುವುದು ಈಚಿನ ಸುದ್ದಿ. ಈ ಹೆಸರು ಅಧಿಕೃತವಾಗಿದ್ದೇ 2014ರಲ್ಲಿ, ಅಲ್ವಾ? ಅದಕ್ಕೂ ಹಿಂದಿನದಕ್ಕೆ 'ಬಿಜಾಪುರ' ಎಂದು ಹುಡುಕಬೇಕು. ಅದೂ ಸಾಲದು. ಆ ಬರ ಬಂದಾಗ ಇದು ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರ ಇಲ್ಲಿಗೆ ಬಂದದ್ದು 1880ರ ದಶಕದಲ್ಲಿ. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು, ಹಾಗಾಗಿ ಮೈಸೂರು ಸರ್ಕಾರದ ಹಳೆಯ ಕಡತಗಳಲ್ಲಿ ತಡಕಾಡಿ ಉಪಯೋಗ ಇಲ್ಲ. 'ಕಲಾದಗಿ' ಎಂದು ಹುಡುಕಬೇಕು ಎಂದು ಹೊಳೆದ ದಿನವೇ ಅವಳು ಸಂಶೋಧಕಿ. ಅವಳ ಪ್ರಬಂಧ ಓದಿದವರಿಗೆ ಈ ಶ್ರಮ ಕಾಣುವುದಿಲ್ಲ. ಆ ಸಣ್ಣ ಬರಹದಲ್ಲಿ ಮಾತ್ರ ಕಾಣುತ್ತದೆ.

ಮುಂದೆ ಅವಳಿಗೆ 1884ರ ಬಿಜಾಪುರ ಗೆಜೆಟಿಯರ್, ಅಂದರೆ ಜಿಲ್ಲೆಯ ಬಗ್ಗೆ ಸರ್ಕಾರ ಹೊರತಂದ ಮಾಹಿತಿ ಗ್ರಂಥ, ಸಿಗುತ್ತದೆ. ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ಗಳಲ್ಲಿ ಅದು 23ನೇ ಸಂಪುಟ, ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಅದರಲ್ಲಿ ಬರದ ವಿವರ ಇದೆ. ಆದರೆ ಅದು ಅಧಿಕಾರಿಗಳು ಕಂಡ ಬರ. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊತ್ತವರು ಅದನ್ನು ಬರೆದವರಲ್ಲ. ಇದನ್ನು ಅವಳು ಗಮನಿಸಿದಳಾ? ಹಳ್ಳಿಯ ಹಾಡು, ಹಿರಿಯರಿಂದ ಬಂದ ಮಾತಿನ ಕಡೆ ತಿರುಗಿದಳಾ? ಗೈಡ್ ಆದವರು ಕೇಳಬೇಕಾದ್ದು ಇದನ್ನೇ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಸೇರಿಸಿಟ್ಟಿರುವ ಶೋಧಗಂಗಾ ಎಂಬ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳಿವೆ. ಅವುಗಳಿಂದ ಪುಟಗಟ್ಟಲೆ ಎತ್ತಿಕೊಳ್ಳುವ ಬದಲು, ಅವರು ಯಾವ ಕಡತ ನೋಡಿದ್ದಾರೆ ಎಂದು ತಿಳಿದುಕೊಂಡರೆ ಬಹಳ ಲಾಭ.

ವಿಜ್ಞಾನದವರಿಗೂ ಇದೇ ಮಾತು. ದಾಳಿಂಬೆಯ ದುಂಡಾಣು ಅಂಗಮಾರಿ ಬಗ್ಗೆ ಓದುವವರು ಕ್ಸಾಂಥೋಮೊನಾಸ್ ಎಂಬ ರೋಗಾಣುವಿನ ಹೆಸರು ಹಿಡಿದು ಹುಡುಕಿದರೆ ಒಳ್ಳೆಯ ಲೇಖನಗಳು ಸಿಗುತ್ತವೆ.

ಖರ್ಚು ದೊಡ್ಡದಲ್ಲ. ಒಂದಿಷ್ಟು ಪುಸ್ತಕ, ಒಂದು ಪ್ರಮಾಣಪತ್ರ ಸಾಕು. ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ಅವತ್ತೇ ಕೊಡಬಹುದು. ಗೆದ್ದ ಪ್ರಬಂಧಕ್ಕೆ ನಂಬರ್ ಹಾಕಿ ಕಪಾಟಿನಲ್ಲಿಡಬೇಕು, ಮುಂದಿನ ವರ್ಷದವರು ಅಲ್ಲಿಂದ ಮುಂದುವರಿಯಲಿ. ಸೆಮಿಸ್ಟರ್ ಅಂಕ ಕಡಿಮೆ ಇದೆ ಎಂದು ಯಾರ ಅರ್ಜಿಯನ್ನೂ ತಳ್ಳಿಹಾಕಬಾರದು.

ವಿದ್ಯಾರ್ಥಿಗಳು ಈಗಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಹುಡುಕಿದ ಜಾಗ, ಹಾಕಿದ ಪದ, ಸಿಕ್ಕಿದ್ದು, ಸಿಗದ್ದು ಎಲ್ಲ ಅವತ್ತವತ್ತೇ ಬರೆಯಿರಿ. ಕೊನೆಯ ವಾರದಲ್ಲಿ ಸುಮ್ನೆ ನೆನಪಿನಿಂದ ಬರೆದದ್ದು ಓದುವವರಿಗೆ ಗೊತ್ತಾಗಿಬಿಡುತ್ತದೆ.